ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆದರೆ

ನಾಲ್ಕನೇ ತರಗತಿಯ ನಾಲ್ಕು ಮಕ್ಕಳಿಗೆ ಒಂದೇ ಲೆಕ್ಕ ಕೊಟ್ಟಿದೆ ಎಂದುಕೊಳ್ಳಿ: 52ರಲ್ಲಿ 27 ಕಳೆಯಬೇಕು. ಒಂದು ಮಗು 25 ಎಂದು ಬರೆಯುತ್ತದೆ. ಇನ್ನೊಂದು ಕಳೆಯುವ ಬದಲು ಕೂಡಿ 79 ಎಂದು ಬರೆಯುತ್ತದೆ. ಉಳಿದ ಇಬ್ಬರೂ ಬರೆಯುವುದು 35. ಉತ್ತರ ಪತ್ರಿಕೆ ತಿದ್ದುವವರ ಕೆಂಪು ಪೆನ್ನಿಗೆ ಇಲ್ಲಿ ಕಾಣುವುದು ಒಂದು ಸರಿ, ಮೂರು ತಪ್ಪು. ಅಂಕಪಟ್ಟಿಯಲ್ಲಿ ಆ ಮೂವರಿಗೂ ಒಂದೇ ಸೊನ್ನೆ.

ಆದರೆ 35 ಎಂದು ಬರೆದ ಇಬ್ಬರನ್ನೂ ಹತ್ತಿರ ಕೂರಿಸಿಕೊಂಡು ‘ಹೇಗೆ ಮಾಡಿದೆ, ಹೇಳು ಪುಟ್ಟಾ’ ಎಂದು ಕೇಳಿದರೆ ಬೇರೆಯೇ ಸಂಗತಿ ಹೊರಬರುತ್ತದೆ. ‘ಎರಡರಲ್ಲಿ ಏಳು ಹೋಗಲ್ಲ ಮಿಸ್, ಅದಕ್ಕೆ ಏಳರಲ್ಲಿ ಎರಡು ಕಳೆದೆ’ ಎನ್ನುತ್ತದೆ ಒಂದು ಮಗು. ‘ಪಕ್ಕದಿಂದ ಹತ್ತು ಸಾಲ ತಂದೆ, ಹನ್ನೆರಡಾಯಿತು, ಹನ್ನೆರಡರಲ್ಲಿ ಏಳು ಹೋದರೆ ಐದು’ ಎನ್ನುತ್ತದೆ ಇನ್ನೊಂದು. ಸಾಲ ಕೊಟ್ಟ ಐದು ಈಗ ನಾಲ್ಕಾಗಿದೆ ಎಂಬುದನ್ನು ಅದು ಮರೆತಿದೆ, ಅಷ್ಟೆ. ಮೊದಲನೆಯ ಮಗುವಿಗೆ ಹತ್ತು ಮತ್ತು ಬಿಡಿಯ ಸಂಬಂಧವೇ ಇನ್ನೂ ಮನಸ್ಸಿಗೆ ಇಳಿದಿಲ್ಲ. ಕಡ್ಡಿ ಕಟ್ಟುಗಳನ್ನು ಮುಂದಿಟ್ಟುಕೊಂಡು ಕೆಲವು ದಿನ ಕೂರಬೇಕು. ಎರಡನೆಯದಕ್ಕೆ ಹತ್ತು ನಿಮಿಷ ಸಾಕು. ಪ್ರಶ್ನೆಪತ್ರಿಕೆ ಮಾಡಿದವರು 52ರ ಬದಲು 53 ಎಂದು ಕೊಟ್ಟಿದ್ದರೆ ಮೊದಲ ಮಗು 34 ಎಂದೂ ಎರಡನೆಯದು 36 ಎಂದೂ ಬರೆಯುತ್ತಿದ್ದವು. ಹಾಳೆ ನೋಡಿಯೇ ಇಬ್ಬರ ತೊಡಕನ್ನೂ ಬೇರ್ಪಡಿಸಬಹುದಿತ್ತು. ಒಂದು ಅಂಕಿಯಷ್ಟು ಬದಲಾವಣೆಯಿಂದ ಪರೀಕ್ಷೆ ಶಿಕ್ಷಕರಿಗೆ ಅಷ್ಟು ಹೆಚ್ಚು ಹೇಳಬಲ್ಲದು. ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳ ಕಳೆಯುವ ಲೆಕ್ಕಗಳನ್ನು ಜಾಲಾಡಿ ತೋರಿಸಿದ್ದು ಇದನ್ನೇ: ಮಕ್ಕಳ ಎಷ್ಟೋ ತಪ್ಪುಗಳು ಅಜಾಗರೂಕತೆಯಿಂದ ಆದವಲ್ಲ. ಮಗು ತನ್ನದೇ ಒಂದು ನಿಯಮ ಕಟ್ಟಿಕೊಂಡು ಅದನ್ನು ನಿಷ್ಠೆಯಿಂದ ಪಾಲಿಸುತ್ತಿರುತ್ತದೆ.

ಪ್ರಾಥಮಿಕ ಶಾಲೆಯ ಪರೀಕ್ಷೆಗೆ ಏನಾದರೂ ಸಾರ್ಥಕತೆ ಇದ್ದರೆ ಅದು ಆ ನಿಯಮವನ್ನು ಹುಡುಕಿ, ಅದನ್ನು ತಿದ್ದಬಲ್ಲವರ ಕೈಗೆ, ತಿದ್ದಲು ಸಮಯ ಇರುವಾಗಲೇ ತಲುಪಿಸುವುದರಲ್ಲಿದೆ. ಕರ್ನಾಟಕದಲ್ಲಿ ಐದನೇ ತರಗತಿಯ ಪರೀಕ್ಷೆ ಕುರಿತು ಇಷ್ಟು ದೊಡ್ಡ ವಿವಾದ ನಡೆದರೂ, ಪರೀಕ್ಷೆ ಈ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆ ಮುನ್ನೆಲೆಗೆ ಬರಲೇ ಇಲ್ಲ.

ಆ ವಿವಾದ ಹಲವರಿಗೆ ನೆನಪಿದೆ. 2022ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ 5 ಮತ್ತು 8ನೇ ತರಗತಿಗಳಿಗೆ ಮಂಡಳಿ ಮಟ್ಟದ ಪರೀಕ್ಷೆ ನಡೆಸುವುದಾಗಿ ಸುತ್ತೋಲೆ ಹೊರಡಿಸಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. 2023ರ ಮಾರ್ಚ್ 10ರಂದು ಏಕಸದಸ್ಯ ಪೀಠ ಸುತ್ತೋಲೆಯನ್ನು ರದ್ದು ಮಾಡಿತು. ಐದೇ ದಿನಗಳಲ್ಲಿ ವಿಭಾಗೀಯ ಪೀಠ ಪರೀಕ್ಷೆಗೆ ದಾರಿ ಮಾಡಿಕೊಟ್ಟಿತು. ಮಾರ್ಚ್ 27ರಿಂದ ಪರೀಕ್ಷೆ ನಡೆಯಿತು. ಮರುವರ್ಷ ಇನ್ನೂ ದೊಡ್ಡ ಗೊಂದಲ. 2024ರ ಮಾರ್ಚ್ 6ರಂದು ರದ್ದು, ಮರುದಿನವೇ ಆ ಆದೇಶಕ್ಕೆ ತಡೆ, 11ರಂದು ಪರೀಕ್ಷೆ ಆರಂಭ, 12ರಂದು ಸುಪ್ರೀಂ ಕೋರ್ಟ್ ಮಧ್ಯಪ್ರವೇಶ. ಹತ್ತು ವರ್ಷದ ಮಕ್ಕಳು ಅರ್ಧ ಪರೀಕ್ಷೆ ಬರೆದು ಉಳಿದರ್ಧಕ್ಕೆ ಕಾದರು. ಹೈಕೋರ್ಟ್ ಮತ್ತೆ ಅನುಮತಿ ಕೊಟ್ಟ ಮೇಲೆ ಮಾರ್ಚ್ ಕೊನೆಯಲ್ಲಿ ಬಾಕಿ ವಿಷಯಗಳ ಪರೀಕ್ಷೆ ಮುಗಿಯಿತು. ಏಪ್ರಿಲ್ 8ರಂದು ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಕಾನೂನಿನ ತೊಡಕು ನಿಜವಾದದ್ದೇ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವೂ ಮಂಡಳಿ ಪರೀಕ್ಷೆ ಪಾಸಾಗಬೇಕಿಲ್ಲ ಎಂದು ಹೇಳುತ್ತದೆ. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಗಳಲ್ಲಿ ವಾರ್ಷಿಕ ಪರೀಕ್ಷೆ ನಡೆಸಲು, ಮರುಪರೀಕ್ಷೆಯಲ್ಲೂ ತೇರ್ಗಡೆಯಾಗದವರನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳಲು ಸರ್ಕಾರಗಳಿಗೆ ಅವಕಾಶ ಕೊಟ್ಟಿತು. ಹೀಗಾಗಿ ವಾದವೆಲ್ಲ ಪರೀಕ್ಷೆ ಬೇಕೋ ಬೇಡವೋ, ಫೇಲ್ ಮಾಡಬೇಕೋ ಬಾರದೋ ಎಂಬ ಸುತ್ತಲೇ ತಿರುಗಿತು. ಆದರೆ ಒಂದು ಸಣ್ಣ, ಶಾಲೆಯೊಳಗಿನ ಸಂಗತಿಯನ್ನು ಗಮನಿಸಬೇಕು. ರಾಜ್ಯದ ಸಾವಿರಾರು ಸರ್ಕಾರಿ ಶಾಲೆಗಳು ಕಿರಿಯ ಪ್ರಾಥಮಿಕ ಶಾಲೆಗಳು. ಅಲ್ಲಿ ಐದನೇ ತರಗತಿಯೇ ಕೊನೆ. ಮಾರ್ಚ್ ಅಂತ್ಯದಲ್ಲಿ ಪರೀಕ್ಷೆ ಬರೆದ ಮಗು ಜೂನ್ ಹೊತ್ತಿಗೆ ವರ್ಗಾವಣೆ ಪತ್ರ ಹಿಡಿದು ಪಕ್ಕದೂರಿನ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿರುತ್ತದೆ. ಫಲಿತಾಂಶ ಎಷ್ಟೇ ನಿಖರವಾಗಿರಲಿ, ಅದು ಬಂದು ತಲುಪುವುದು ಆ ಮಗುವಿಗೆ ಇನ್ನೇನೂ ಮಾಡಲಾಗದ ಶಿಕ್ಷಕರ ಮೇಜಿಗೆ. ಹೊಸ ಶಾಲೆಯ ಶಿಕ್ಷಕರಿಗೆ ಸಿಗುವುದು ಒಂದು ಶ್ರೇಣಿ: ಎ, ಬಿ, ಅಥವಾ ಸಿ.

ಕಿರಿಯ ಮಕ್ಕಳಿಗೆ ದೊಡ್ಡ ಪರೀಕ್ಷೆ ಎಂಬುದು ಈ ನಾಡಿಗೆ ಹೊಸದಲ್ಲ. ಮುಂಬೈ ಕರ್ನಾಟಕದ ಹಿರಿಯರು ಮುಲ್ಕಿ ಪರೀಕ್ಷೆಯನ್ನು ಇಂದಿಗೂ ನೆನೆಯುತ್ತಾರೆ. ಒಂದು ಕಾಲಕ್ಕೆ ಮುಲ್ಕಿ ಪಾಸಾದವರು ಕನ್ನಡ ಶಾಲೆಯ ಮಾಸ್ತರರಾಗಬಹುದಿತ್ತು. ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಬರೆದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಅದಕ್ಕೂ ಹಿಂದೆ, 1862ರಲ್ಲಿ, ಇಂಗ್ಲೆಂಡ್ ಸರ್ಕಾರ ಓದು, ಬರಹ, ಲೆಕ್ಕದಲ್ಲಿ ಎಷ್ಟು ಮಕ್ಕಳು ಇನ್‌ಸ್ಪೆಕ್ಟರ್ ಮುಂದೆ ಪಾಸಾದರು ಎಂಬುದರ ಮೇಲೆ ಶಾಲೆಗೆ ಅನುದಾನ ಕೊಡುವ ಪದ್ಧತಿ ತಂದಿತ್ತು. ಇನ್‌ಸ್ಪೆಕ್ಟರ್ ಬರುವ ದಿನಕ್ಕಾಗಿ ಮಕ್ಕಳಿಗೆ ಪುಸ್ತಕವನ್ನೇ ಬಾಯಿಪಾಠ ಮಾಡಿಸುವ ಶಾಲೆಗಳು ಹುಟ್ಟಿಕೊಂಡವು. ಸ್ವತಃ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡ್ ಆ ಪದ್ಧತಿಯನ್ನು ಕಟುವಾಗಿ ವಿರೋಧಿಸಿದರು. ಶತಮಾನ ಮುಗಿಯುವಷ್ಟರಲ್ಲಿ ಇಂಗ್ಲೆಂಡ್ ಅದನ್ನು ಕೈಬಿಟ್ಟಿತು.

ಭಯ ಸೇರಿದ ಅಂಕ ಕೆಡುತ್ತದೆ. ಇದಕ್ಕೆ ಇತ್ತೀಚಿನ ಅತಿ ದೊಡ್ಡ ಸಾಕ್ಷಿ ಅಮೆರಿಕದ್ದು. 2002ರ ಜನವರಿಯಲ್ಲಿ ಸಹಿಯಾದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆ ಮೂರರಿಂದ ಎಂಟನೇ ತರಗತಿಯವರೆಗೆ ಪ್ರತಿವರ್ಷ ಓದು ಮತ್ತು ಗಣಿತದ ಪರೀಕ್ಷೆಯನ್ನು ಕಡ್ಡಾಯ ಮಾಡಿತು; 2014ರ ಹೊತ್ತಿಗೆ ಎಲ್ಲ ಮಕ್ಕಳೂ ನಿಗದಿತ ಮಟ್ಟ ಮುಟ್ಟಬೇಕು, ಹಿಂದೆ ಬಿದ್ದ ಶಾಲೆ ಕ್ರಮ ಎದುರಿಸಬೇಕು ಎಂದಿತು. ಅಟ್ಲಾಂಟಾ ನಗರದ ಶಾಲೆಗಳ ಅಂಕಗಳು ಬೆರಗಾಗುವಂತೆ ಏರಿದವು. ಉತ್ತರ ಹಾಳೆಗಳನ್ನು ಪರಿಶೀಲಿಸಿದಾಗ ತಪ್ಪು ಉತ್ತರ ಅಳಿಸಿ ಸರಿ ಉತ್ತರ ಗುರುತಿಸಿದ ಕಲೆಗಳು ಅಸಹಜ ಸಂಖ್ಯೆಯಲ್ಲಿ ಸಿಕ್ಕವು. 2011ರ ತನಿಖಾ ವರದಿಯ ಪ್ರಕಾರ, ಪರಿಶೀಲಿಸಿದ 56 ಶಾಲೆಗಳ ಪೈಕಿ 44ರಲ್ಲಿ ವಂಚನೆ ನಡೆದಿತ್ತು. 178 ಶಿಕ್ಷಕರು ಮತ್ತು ಮುಖ್ಯಶಿಕ್ಷಕರ ಹೆಸರು ಬಂದಿತ್ತು. ಅಲ್ಲಿ ಹೆಚ್ಚು ನಷ್ಟವಾದದ್ದು ಓದಲು ಬಾರದೆಯೂ ಹಾಳೆಯ ಮೇಲೆ ಓದು ಬಂದ ಮಕ್ಕಳಿಗೆ. ವಿಶೇಷ ಪಾಠ ಸಿಗಬೇಕಾಗಿದ್ದ ಮಗು ‘ಉತ್ತಮ’ ಎಂಬ ಪಟ್ಟಿಗೆ ಸೇರಿ ಆ ಪಾಠದಿಂದಲೇ ಹೊರಗುಳಿಯಿತು.

ನಮ್ಮ ದೇಶದಲ್ಲೂ ಇದರ ನೆರಳಿದೆ. ಮಧ್ಯಪ್ರದೇಶದ ಸರ್ಕಾರಿ ಶಾಲೆಗಳ ‘ಪ್ರತಿಭಾ ಪರ್ವ’ ಪರೀಕ್ಷೆಯ ಫಲಿತಾಂಶವನ್ನು ಅರ್ಥಶಾಸ್ತ್ರಜ್ಞ ಅಭಿಜೀತ್ ಸಿಂಗ್ ಪರೀಕ್ಷಿಸಿದರು. ಅದೇ ಮಕ್ಕಳಿಗೆ, ಅವೇ ಪ್ರಶ್ನೆಗಳನ್ನು, ಹೊರಗಿನವರು ಮತ್ತೆ ಕೇಳಿದಾಗ ಅಂಕಗಳು ಬಹಳ ಕೆಳಗಿಳಿದವು. ಅಲ್ಲಿ ಯಾವ ಶಿಕ್ಷಕರಿಗೂ ಬಹುಮಾನವಾಗಲಿ ಶಿಕ್ಷೆಯಾಗಲಿ ನೇರವಾಗಿ ಇರಲಿಲ್ಲ. ಮೇಲಿನವರು ನೋಡುತ್ತಾರೆ ಎಂಬ ಭಾವನೆಯೇ ಸಾಕಾಗಿದ್ದಿರಬಹುದು. ಸರ್ಕಾರದ ರಾಷ್ಟ್ರೀಯ ಸಾಧನಾ ಸಮೀಕ್ಷೆಯನ್ನೂ ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆಯನ್ನೂ ಹೋಲಿಸಿದ ಡಗ್ ಜಾನ್ಸನ್ ಮತ್ತು ಆಂಡ್ರೆಸ್ ಪರಾಡೊ ಅವರ 2021ರ ಅಧ್ಯಯನ, ಸರ್ಕಾರಿ ಸಮೀಕ್ಷೆಯ ಅಂಕಗಳು ಬೇರೆ ಸಮೀಕ್ಷೆಗಳಿಗಿಂತ ಬಹಳ ಮೇಲಿವೆ, ರಾಜ್ಯಗಳ ಶ್ರೇಯಾಂಕವೂ ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ತೋರಿಸಿತು.

ಸಮೀಕ್ಷೆ ಮತ್ತು ಪರೀಕ್ಷೆ ಒಂದೇ ಅಲ್ಲ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. 2024ರ ಡಿಸೆಂಬರ್ 4ರಂದು ನಡೆದ ‘ಪರಖ್’ ರಾಷ್ಟ್ರೀಯ ಸರ್ವೇಕ್ಷಣೆ 3, 6 ಮತ್ತು 9ನೇ ತರಗತಿಗಳ 21 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಸುಮಾರು 74 ಸಾವಿರ ಶಾಲೆಗಳಲ್ಲಿ ಮುಟ್ಟಿತು. ಅಂದರೆ ಶಾಲೆಯೊಂದಕ್ಕೆ ಸರಾಸರಿ ಮೂವತ್ತಕ್ಕೂ ಕಡಿಮೆ ಮಕ್ಕಳು. ಅದರ ಉದ್ದೇಶ ಜಿಲ್ಲೆ, ರಾಜ್ಯ, ದೇಶದ ಚಿತ್ರ ಕೊಡುವುದು. ಯಾವ ತಾಲ್ಲೂಕಿನ ಯಾವ ಮಗುವಿಗೆ ಭಾಗಾಕಾರ ಬರುವುದಿಲ್ಲ ಎಂದು ಅದು ಹೇಳಲಾರದು, ಹೇಳಬೇಕೆಂದು ನಿರೀಕ್ಷಿಸುವುದೂ ತಪ್ಪು. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ (ಡಯಟ್), ಪಠ್ಯಪುಸ್ತಕ ಸಮಿತಿಗೆ, ಬಜೆಟ್ ಮಾಡುವವರಿಗೆ ಅದು ಬೇಕು.

2005ರಲ್ಲಿ ಪ್ರಥಮ್ ಸಂಸ್ಥೆ ಆರಂಭಿಸಿದ ಅಸರ್ ಸಮೀಕ್ಷೆಯ ಹೆಚ್ಚುಗಾರಿಕೆ ಅದರ ಸರಳತೆಯಲ್ಲಿದೆ. ಸ್ವಯಂಸೇವಕರು ಮನೆಗೇ ಹೋಗಿ, ಜಗಲಿಯಲ್ಲಿ ಮಗುವಿನ ಪಕ್ಕ ಕೂತು ಒಂದು ಹಾಳೆ ಓದಿಸುತ್ತಾರೆ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಮನೆಯವರೂ ನೋಡುತ್ತಿರುತ್ತಾರೆ. ಕರ್ನಾಟಕದ ಗ್ರಾಮೀಣ ಮೂರನೇ ತರಗತಿಯಲ್ಲಿ ಆ ಕಥೆ ಓದಬಲ್ಲವರು 2018ರಲ್ಲಿ ನೂರಕ್ಕೆ ಹತ್ತೊಂಬತ್ತು ಮಂದಿ ಇದ್ದರು. ಕೊರೊನಾ ಕಾಲದಲ್ಲಿ, 2021ರ ಮಾರ್ಚ್‌ನಲ್ಲಿ ರಾಜ್ಯದಲ್ಲೇ ನಡೆದ ಸಮೀಕ್ಷೆಯಲ್ಲಿ, ಅದು ಹತ್ತಕ್ಕಿಂತ ಕೆಳಗಿಳಿಯಿತು. ಶಾಲೆ ಮುಚ್ಚಿದ್ದರಿಂದ ಏನಾಯಿತು ಎಂಬುದನ್ನು ರಾಜ್ಯ ಅಲ್ಲಿ ಅಂಕಿಯಲ್ಲಿ ಕಂಡಿತು. 2022-23ರಲ್ಲಿ ಸರ್ಕಾರ ಒಂದರಿಂದ ಒಂಬತ್ತನೇ ತರಗತಿಯವರೆಗೆ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ನಡೆಸಿ, ಪಠ್ಯಕ್ಕಿಂತ ಹಿಂದೆ ಉಳಿದುಹೋದ ಕಲಿಕೆಯನ್ನು ಮೊದಲು ಹಿಡಿಯಲು ಕಲಿಕಾ ಹಾಳೆಗಳನ್ನು ಕೊಟ್ಟಿತು.

ಹಾಗಾದರೆ ಶಿಕ್ಷಕರ ಕೈಗೆ ಮಾಹಿತಿ ಕೊಟ್ಟರೆ ಸಾಕೇ? ಸಾಲದು. ಇದನ್ನು ಅಳೆದು ನೋಡಿದ ಎರಡು ಪ್ರಯೋಗಗಳು ನಮ್ಮ ದೇಶದಲ್ಲೇ ನಡೆದಿವೆ. ಶಿಕ್ಷಣ ಇಲಾಖೆಯ ಪ್ರತಿ ಸಭೆಯಲ್ಲೂ ಇವುಗಳ ಪ್ರಸ್ತಾಪ ಆಗಬೇಕು.

ಮೊದಲನೆಯದು ಆಂಧ್ರಪ್ರದೇಶದ್ದು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನೂರು ಗ್ರಾಮೀಣ ಶಾಲೆಗಳ ಶಿಕ್ಷಕರಿಗೆ ಅವರ ಮಕ್ಕಳು ಎಲ್ಲಿ ಬಲ, ಎಲ್ಲಿ ದುರ್ಬಲ ಎಂಬ ವಿವರವಾದ ವರದಿ ಕೊಟ್ಟರು. ಆಗಾಗ ಹೋಗಿ ತರಗತಿಯನ್ನೂ ನೋಡಿದರು. ನೋಡುವಾಗ ಶಿಕ್ಷಕರು ಚುರುಕಾಗಿ ಪಾಠ ಮಾಡಿದರು. ವರ್ಷದ ಕೊನೆಗೆ ಪರೀಕ್ಷಿಸಿದರೆ ಆ ಶಾಲೆಗಳ ಮಕ್ಕಳು ವರದಿ ಸಿಗದ ಶಾಲೆಗಳ ಮಕ್ಕಳಿಗಿಂತ ಹೆಚ್ಚೇನೂ ಕಲಿತಿರಲಿಲ್ಲ. ಇದೇ ಲೇಖಕರ ಬೇರೊಂದು ಪ್ರಯೋಗದಲ್ಲಿ, ವರದಿಯ ಜೊತೆಗೆ ಮಕ್ಕಳ ಕಲಿಕೆ ಹೆಚ್ಚಿದರೆ ಪ್ರೋತ್ಸಾಹಧನವೂ ಇದ್ದ ಶಾಲೆಗಳಲ್ಲಿ, ವರದಿಯನ್ನು ಉಪಯುಕ್ತ ಎಂದ ಶಿಕ್ಷಕರ ಮಕ್ಕಳು ಹೆಚ್ಚು ಕಲಿತಿದ್ದರು. ವರದಿ ಬಳಸಲು ಏನಾದರೊಂದು ಕಾರಣ ಬೇಕು.

ಎರಡನೆಯದು ಹರಿಯಾಣದ್ದು, 2012-13ರದು. ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ನಾನೂರು ಪ್ರಾಥಮಿಕ ಶಾಲೆಗಳನ್ನು ಗುಂಪುಗಳಾಗಿ ವಿಂಗಡಿಸಿದರು. ಕೆಲವು ಶಾಲೆಗಳಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ, ಅಂದರೆ ನಮ್ಮ ಶಿಕ್ಷಕರು ‘ಸಿಸಿಇ’ ಎಂದು ಕರೆಯುವುದು: ತರಬೇತಿ, ಕೈಪಿಡಿ, ಪ್ರತಿ ಮಗುವಿನ ಕುರಿತ ದಾಖಲೆ. ಇನ್ನು ಕೆಲವು ಶಾಲೆಗಳಲ್ಲಿ ದಿನಕ್ಕೆ ಒಂದು ಮೀಸಲು ಗಂಟೆ. ಆ ಗಂಟೆಯಲ್ಲಿ ಮಕ್ಕಳನ್ನು ತರಗತಿಯ ಪ್ರಕಾರ ಕೂರಿಸದೆ ಓದುವ ಮಟ್ಟದ ಪ್ರಕಾರ ಕೂರಿಸಿ, ಅಕ್ಷರ ಬಾರದವರಿಗೆ ಅಕ್ಷರ, ಪದ ಓದುವವರಿಗೆ ವಾಕ್ಯ ಕಲಿಸಿದರು. ಸಿಸಿಇ ನಡೆದ ಶಾಲೆಗಳಲ್ಲಿ ಕಲಿಕೆ ಹೆಚ್ಚಲಿಲ್ಲ. ಗಂಟೆ ಮೀಸಲಿಟ್ಟ ಶಾಲೆಗಳಲ್ಲಿ ಹಿಂದಿ ಓದು ಸ್ಪಷ್ಟವಾಗಿ ಸುಧಾರಿಸಿತು. ಪರೀಕ್ಷಿಸುವುದು ಎರಡು ಕಡೆಯೂ ಇತ್ತು. ಒಂದು ಕಡೆ ಅದು ರಿಜಿಸ್ಟರ್‌ಗೆ ಹೋಯಿತು, ಇನ್ನೊಂದು ಕಡೆ ಮಗು ಎಲ್ಲಿ ಕೂರಬೇಕು, ಇವತ್ತು ಏನು ಓದಬೇಕು ಎಂಬುದನ್ನು ಅದೇ ದಿನ ಬದಲಿಸಿತು.

ಕರ್ನಾಟಕದ ಶಿಕ್ಷಕರಿಗೆ ಈ ರಿಜಿಸ್ಟರ್‌ನ ಭಾರ ಚೆನ್ನಾಗಿ ಗೊತ್ತು. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಎರಡು ಸಂಕಲನಾತ್ಮಕ. ಪ್ರತಿಯೊಂದರ ಅಂಕವೂ ಮಕ್ಕಳ ದಾಖಲೆ ಇಡುವ ಇಲಾಖೆಯ ‘ಸ್ಯಾಟ್ಸ್’ ಜಾಲತಾಣಕ್ಕೆ ಏರಬೇಕು. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಅಂಕ ಏರಿಸಲು ಕೂತರೆ ಇನ್ನೊಬ್ಬರು ಐದೂ ತರಗತಿ ನೋಡಿಕೊಳ್ಳಬೇಕು. ಗಣಿತದಲ್ಲಿ 15ಕ್ಕೆ 9 ಎಂದು ದಾಖಲಾದ ಮೇಲೆ, ಹೋದ ಆ ಆರು ಅಂಕ ಯಾವ ಲೆಕ್ಕಗಳಲ್ಲಿ ಹೋದವು ಎಂಬುದು ಎಲ್ಲೂ ಉಳಿಯುವುದಿಲ್ಲ. ಮಗುವಿಗೆ ಬೇಕಾದದ್ದು ಅದೊಂದೇ.

ಕನ್ನಡ ಓದಿನ ವಿಷಯದಲ್ಲಿ ಈ ನಷ್ಟ ಇನ್ನೂ ದೊಡ್ಡದು. ಇಂಗ್ಲಿಷಿನ ಮಗು ಇಪ್ಪತ್ತಾರು ಅಕ್ಷರ ಗುರುತಿಸಿದರೆ ಆ ಮಟ್ಟ ದಾಟಿದಂತೆ. ಕನ್ನಡದ ಮಗು ವರ್ಣಮಾಲೆಯ 49 ಅಕ್ಷರ ಕಲಿತ ಮೇಲೆ ಕಾಗುಣಿತಕ್ಕೆ ಇಳಿಯಬೇಕು. ವ್ಯಂಜನ, ಸ್ವರ ಕೂಡಿ ನಾನೂರಕ್ಕೂ ಹೆಚ್ಚು ರೂಪಗಳು. ಆಮೇಲೆ ಒತ್ತಕ್ಷರ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಕನ್ನಡದ ಮಕ್ಕಳಿಗೆ ಈ ಇಡೀ ಅಕ್ಷರ ಸಂಪತ್ತು ಕೈವಶವಾಗಲು ನಾಲ್ಕನೇ ತರಗತಿಯವರೆಗೂ ಸಮಯ ಹಿಡಿಯುತ್ತದೆ ಎಂದು ತೋರಿಸಿತು. ಯಾದಗಿರಿ ಮತ್ತು ಮಹಾರಾಷ್ಟ್ರದ ವಾಡಾದಲ್ಲಿ ಒಂದರಿಂದ ಮೂರನೇ ತರಗತಿವರೆಗೆ ಮಕ್ಕಳನ್ನು ಮೂರು ವರ್ಷ ಹಿಂಬಾಲಿಸಿ, 2017ರಲ್ಲಿ ವರದಿ ಕೊಟ್ಟ ಶೈಲಜಾ ಮೆನನ್ ಮತ್ತು ಸಂಗಡಿಗರೂ ಅಕ್ಷರ ಪಕ್ವವಾಗದೆ ಮೂರನೇ ತರಗತಿ ಮುಗಿಸುವ ಅನೇಕ ಮಕ್ಕಳನ್ನು ಕಂಡರು.

ಹೀಗಿರುವಾಗ ‘ಓದಲು ಬರುವುದಿಲ್ಲ’ ಎಂಬ ಒಂದೇ ಮಾತು ಶಿಕ್ಷಕರಿಗೆ ಏನನ್ನೂ ತಿಳಿಸುವುದಿಲ್ಲ. ‘ಬಟ್ಟೆ’ಯನ್ನು ‘ಬಟೆ’ ಎಂದು ಓದುವ ಮಗುವಿಗೆ ಒತ್ತಕ್ಷರ ಸಿಕ್ಕಿಲ್ಲ. ‘ಕೇಳು’ವನ್ನು ‘ಕೆಳು’ ಎನ್ನುವ ಮಗುವಿಗೆ ದೀರ್ಘದ ಗುರುತು ಕಣ್ಣಿಗೆ ಬಿದ್ದಿಲ್ಲ. ‘ಹಾಲು’ ಕಂಡು ‘ಆಲು’ ಎನ್ನುವ ಮಂಡ್ಯದ ಹಳ್ಳಿಯ ಮಗು ಸರಿಯಾಗಿಯೇ ಓದಿದೆ. ತನ್ನ ಮನೆಯ ನುಡಿಯಲ್ಲಿ ಓದಿದೆ. ಅದಕ್ಕೆ ತಪ್ಪು ಹಾಕುವ ಪರೀಕ್ಷಕರು ಓದನ್ನು ಬಿಟ್ಟು ಉಚ್ಚಾರವನ್ನು ಅಳೆಯುತ್ತಿದ್ದಾರೆ. ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು, ತುಳು ಆಡುವ ಮಗು ಪದವನ್ನು ತಡೆಯಿಲ್ಲದೆ ಓದಿಯೂ ಅದರ ಅರ್ಥ ತಿಳಿಯದೆ ನಿಲ್ಲಬಹುದು. ಅದಕ್ಕೆ ಬೇಕಾದದ್ದು ಕಥೆ, ಮಾತುಕತೆ. ‘ಆಲು’ ಎಂದ ಮಗುವಿಗೆ ಯಾವ ಪಾಠವೂ ಬೇಡ, ಉಳಿದ ಮೂವರಿಗೂ ಮೂರು ಬೇರೆ ಪಾಠ ಬೇಕು. ಇಡೀ ರಾಜ್ಯಕ್ಕೆ ಒಂದೇ ಲಿಖಿತ ಪ್ರಶ್ನೆಪತ್ರಿಕೆ ಕೊಟ್ಟು ಈ ಭೇದ ಕಾಣಲು ಸಾಧ್ಯವಿಲ್ಲ. ಪಕ್ಕದಲ್ಲಿ ಕೂತು ಐದು ನಿಮಿಷ ಓದಿಸಿದ ಶಿಕ್ಷಕಿಗೆ ಕಾಣುತ್ತದೆ.

ಹೀಗೆ ಕೂತು ನೋಡುವ ಪದ್ಧತಿಯನ್ನು ಕರ್ನಾಟಕ ಹೊರಗಿನಿಂದ ತರಬೇಕಾಗಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಪ್ರಯೋಗ ನೋಡಿ ಬಂದು ಕಟ್ಟಿದ ನಲಿ-ಕಲಿ ಪದ್ಧತಿಯ ಜೀವಾಳವೇ ಅದು. ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂದು ತಾನೇ ಕಾರ್ಡ್ ನೋಡಿ ತಿಳಿಯುತ್ತದೆ. ಆ ಮೆಟ್ಟಿಲ ಮೌಲ್ಯಮಾಪನ ಕಾರ್ಡ್ ಮುಗಿಸಿದರೆ ಮುಂದಕ್ಕೆ, ಇಲ್ಲವಾದರೆ ಅಲ್ಲೇ ಇನ್ನಷ್ಟು ಅಭ್ಯಾಸ. ಗೋಡೆಯ ಮೇಲಿನ ‘ಪ್ರಗತಿ ನೋಟ’ದಲ್ಲಿ ಎಲ್ಲರ ನಡಿಗೆಯೂ ಕಾಣುತ್ತದೆ. ಪರೀಕ್ಷೆಯ ದಿನ ಎಂದು ಬೇರೆ ಇರುವುದಿಲ್ಲ. ರಾಜ್ಯದಾದ್ಯಂತ ಹರಡುವಾಗ ಅದು ಹಲವು ಕಡೆ ಸೊರಗಿತು: ಒಬ್ಬ ಶಿಕ್ಷಕಿಗೆ ಮೂರು ತರಗತಿ, ಹರಿದ ಕಾರ್ಡುಗಳು, ತರಬೇತಿ ಸಿಗದೆ ವರ್ಗವಾಗಿ ಬಂದವರು. ಆದರೆ ಅದರೊಳಗಿನ ಯೋಚನೆ ಸೊರಗಿಲ್ಲ.

ಇನ್ನೊಂದು ಸ್ವಂತ ಆಸ್ತಿ ಸೇತುಬಂಧ. ಶಾಲೆ ಆರಂಭವಾದ ಕೂಡಲೇ ನೈದಾನಿಕ ಪರೀಕ್ಷೆ, ಹಿಂದಿನ ತರಗತಿಯಲ್ಲಿ ಬಿಟ್ಟುಹೋದದ್ದನ್ನು ತುಂಬುವ ಪರಿಹಾರ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಕಾಲವೂ ಸರಿ, ಕೈಯೂ ಸರಿ: ವರ್ಷವಿಡೀ ಮಗುವಿನ ಜೊತೆ ಇರುವ ಶಿಕ್ಷಕರೇ ವರ್ಷದ ಮೊದಲಲ್ಲೇ ಪರೀಕ್ಷಿಸುತ್ತಾರೆ. ಫೇಲ್ ಎಂಬ ಮಾತೇ ಅಲ್ಲಿಲ್ಲ, ಹಾಗಾಗಿ ಅಂಕ ತಿದ್ದುವ ಆಸೆಗೂ ಎಡೆಯಿಲ್ಲ. ಮಂಡಳಿ ಪರೀಕ್ಷೆಗೆ ವ್ಯಯಿಸಿದ ಗಮನದ ಕಾಲುಭಾಗವನ್ನು ಸೇತುಬಂಧಕ್ಕೆ ಕೊಟ್ಟಿದ್ದರೆ ಬಹಳ ಕೆಲಸ ಆಗುತ್ತಿತ್ತು. ಈಗ ಅನೇಕ ಕಡೆ ಅದು ಕೆಲವೇ ವಾರಗಳಲ್ಲಿ ಮುಗಿಸಬೇಕಾದ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಬಂದಾಗ ತೋರಿಸಬೇಕಾದ ಕಡತವಾಗಿ ಉಳಿದಿದೆ. ಅಕ್ಷರವೇ ಬಾರದ ಐದನೇ ತರಗತಿಯ ಮಗುವಿನ ಕೊರತೆ ಕೆಲವು ವಾರಗಳಲ್ಲಿ ತುಂಬುವಂಥದ್ದಲ್ಲ. ಪ್ರಥಮ್ ಜೊತೆ ಸೇರಿ ಇಲಾಖೆ ನಾಲ್ಕು ಮತ್ತು ಐದನೇ ತರಗತಿಗಳಿಗೆ ನಡೆಸಿದ ‘ಓದು ಕರ್ನಾಟಕ’ದ ಮಾದರಿಯಲ್ಲಿ, ಮಟ್ಟದ ಪ್ರಕಾರ ಗುಂಪು ಮಾಡಿ ಕಲಿಸುವ ಒಂದು ಗಂಟೆ ವೇಳಾಪಟ್ಟಿಯಲ್ಲೇ ವರ್ಷವಿಡೀ ಇರಬೇಕು. ಆ ಗಂಟೆಯಲ್ಲಿ ಶಿಕ್ಷಕರನ್ನು ಬೇರೆ ಯಾವ ಕೆಲಸಕ್ಕೂ ಕರೆಯಬಾರದು.

ಜೊತೆಗೆ ಖರ್ಚಿಲ್ಲದ ಇನ್ನೊಂದು ಕೆಲಸವಿದೆ. ಕಿರಿಯ ಪ್ರಾಥಮಿಕ ಶಾಲೆಯಿಂದ ಹೊರಡುವ ಮಗುವಿನ ಸ್ಯಾಟ್ಸ್ ಸಂಖ್ಯೆ, ಜನ್ಮದಿನಾಂಕ, ಜಾತಿ ಪ್ರಮಾಣಪತ್ರದ ವಿವರ ಎಲ್ಲವೂ ಹೊಸ ಶಾಲೆಗೆ ತಪ್ಪದೆ ತಲುಪುತ್ತವೆ. ಅವುಗಳ ಜೊತೆ, ಐದನೇ ತರಗತಿಯ ಶಿಕ್ಷಕರು ತಮ್ಮ ಕೈಯಾರೆ ಬರೆದ ಅರ್ಧ ಪುಟವೂ ಹೋಗಲಿ: ಒತ್ತಕ್ಷರ ಎಲ್ಲಿ ತಡೆಯುತ್ತದೆ, ಕಳೆಯುವಾಗ ಸಾಲ ತಂದದ್ದನ್ನು ಮರೆಯುತ್ತದೆಯೇ, ಬಾಯಲ್ಲಿ ಹೇಳಬಲ್ಲದ್ದನ್ನು ಬರೆಯಲು ಹಿಂಜರಿಯುತ್ತದೆಯೇ. ಮಾರ್ಚ್‌ನ ಉತ್ತರ ಪತ್ರಿಕೆಯನ್ನೂ ಅದಕ್ಕೇ ಲಗತ್ತಿಸಬಹುದು. ಜೂನ್‌ನಲ್ಲಿ ಆರನೇ ತರಗತಿಯ ಶಿಕ್ಷಕರು ನೈದಾನಿಕ ಪರೀಕ್ಷೆಯ ಪ್ರಶ್ನೆ ಬರೆಯಲು ಕೂರುವ ಮೊದಲು ಓದಬೇಕಾದ ಹಾಳೆ ಅದೇ.